ಹಿತ್ತಲಲ್ಲಿ ಕೋಳಿ ಸಾಕಲು ನಿಮ್ಮ ಸಿಟಿ ಬಿಡುತ್ತಿಲ್ಲವೇ? ಕಾನೂನು ಬದಲಿಸುವ ದಾರಿ ಹೀಗಿದೆ

ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಹಿತ್ತಲು ಇಷ್ಟು ದೊಡ್ಡದಿದೆ, ನಾಲ್ಕು ಕೋಳಿ ಸಾಕೋಣ ಅಂದ್ರೆ ಸಿಟಿಯವರು ಬಿಡಲ್ವಂತೆ. ಏನು ಮಾಡೋದು?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ನಮ್ಮೂರಲ್ಲಿ ಕೋಳಿ ಸಾಕಲು ಅರ್ಜಿ ಹಾಕಿದವರನ್ನು ನಾನು ಕಂಡಿಲ್ಲ. ಸಂಜೆ ಮಂಕರಿ ಕವುಚಿ ಮೇಲೊಂದು ಕಲ್ಲಿಟ್ಟರೆ ಕೆಲಸ ಮುಗಿಯಿತು. ಇಲ್ಲಿ ಹಾಗಲ್ಲ. ಆದರೆ ಇಲ್ಲಿನ ನಿಯಮ ಕಲ್ಲಿನ ಮೇಲೆ ಕೆತ್ತಿದ್ದೂ ಅಲ್ಲ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಕೆಲವರು ಕದ್ದುಮುಚ್ಚಿ ಕೋಳಿ ಸಾಕುತ್ತಿದ್ದರು. ಅವರೇ ಒಟ್ಟುಗೂಡಿ ಕೇಳಿದ ಮೇಲೆ 2004ರಲ್ಲಿ ಸಿಟಿ ಒಪ್ಪಿತು. ಮಿಶಿಗನ್‌ನ ಆ್ಯನ್ ಆರ್ಬರ್ 2008ರಲ್ಲಿ, ಡೆನ್ವರ್ 2011ರಲ್ಲಿ ಒಪ್ಪಿದವು. ಕೆನಡಾದ ವ್ಯಾಂಕೂವರ್ 2010ರಲ್ಲೇ ಒಪ್ಪಿತ್ತು. ನ್ಯೂಯಾರ್ಕ್ ಸಿಟಿಯಲ್ಲಂತೂ ಇವತ್ತಿಗೂ ಹೇಂಟೆ ಸಾಕಬಹುದು. ಹುಂಜ, ಬಾತುಕೋಳಿ, ಟರ್ಕಿಗೆ ಮಾತ್ರ ಅವಕಾಶವಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಗೆಲ್ಲಿಸುವುದು ಭಾಷಣವಲ್ಲ, ನೀವು ಸಿಟಿ ಕೌನ್ಸಿಲ್‌ನ, ಅಂದರೆ ನಗರಸಭೆಯ, ಕೈಗಿಡುವ ಎರಡು ಪುಟದ ಕಾನೂನಿನ ಕರಡು. ಅದು ಎಷ್ಟು ಸಪ್ಪೆಯಾಗಿದ್ದರೆ ಅಷ್ಟು ಒಳ್ಳೆಯದು. ಹಾಗೆಯೇ, ಅನುಮತಿ ಸಿಗುವ ತನಕ ಒಂದು ಕೋಳಿಯನ್ನೂ ತರಬೇಡಿ. ಕದ್ದು ಸಾಕಿದ್ದು ಸಿಕ್ಕಿಬಿದ್ದರೆ ನಿಮ್ಮ ಅರ್ಜಿ ಪಕ್ಕಕ್ಕೆ ಹೋಗುತ್ತದೆ, ನೀವೇ ಚರ್ಚೆಯ ವಿಷಯ ಆಗುತ್ತೀರಿ.

ಸಮಯದ ಅಂದಾಜೂ ಇರಲಿ. ಆರು ತಿಂಗಳಲ್ಲಿ ಮುಗಿದರೆ ಅದೃಷ್ಟ. ವರ್ಷ, ಒಂದೂವರೆ ವರ್ಷ ಹಿಡಿದರೆ ಬೇಸರ ಮಾಡಿಕೊಳ್ಳಬೇಡಿ.

ಹಂತ 1: ತಡೆಯುತ್ತಿರುವುದು ಯಾರು ಎಂದು ತಿಳಿಯಿರಿ

ಅರ್ಧದಷ್ಟು ಜನ ಎಡವುವುದು ಇಲ್ಲೇ. ನಿಮ್ಮ ಹಿತ್ತಲಿನ ಮೇಲೆ ಒಂದಲ್ಲ, ಮೂರು ನಾಲ್ಕು ಪದರದ ನಿಯಮಗಳಿರುತ್ತವೆ.

ಮೊದಲನೆಯದು ಸಿಟಿ. ಅದರ ಕಾನೂನುಗಳನ್ನು ಆರ್ಡಿನೆನ್ಸ್ ಅನ್ನುತ್ತಾರೆ. ಭಾರತದಲ್ಲಿ ಆರ್ಡಿನೆನ್ಸ್ ಅಂದರೆ ಸುಗ್ರೀವಾಜ್ಞೆ. ಆ ಅರ್ಥವನ್ನು ಇಲ್ಲಿ ಮರೆತುಬಿಡಿ. ಇಲ್ಲಿ ಅದು ಕೌನ್ಸಿಲ್ ಮತ ಹಾಕಿ ಮಾಡಿದ ಮಾಮೂಲಿ ಸ್ಥಳೀಯ ಕಾನೂನು, ನಮ್ಮ ಬೈಲಾ ಇದ್ದ ಹಾಗೆ. ಇವೆಲ್ಲ ಸೇರಿದ ಪುಸ್ತಕವೇ ಸಿಟಿ ಕೋಡ್. ಬಹುತೇಕ ಊರುಗಳ ಕೋಡ್ ಮ್ಯುನಿಕೋಡ್, ಇಕೋಡ್360 ತರಹದ ತಾಣಗಳಲ್ಲಿ ಪುಕ್ಕಟೆ ಸಿಗುತ್ತದೆ.

ಅದರಲ್ಲಿ ಎರಡು ಕಡೆ ಹುಡುಕಿ. ಒಂದು ಪ್ರಾಣಿಗಳ ಅಧ್ಯಾಯ, ಇನ್ನೊಂದು ಝೋನಿಂಗ್ ಅಧ್ಯಾಯ. ಯಾವ ಜಾಗದಲ್ಲಿ ಏನು ಕಟ್ಟಬಹುದು, ಏನು ಮಾಡಬಹುದು ಎಂದು ಹೇಳುವುದೇ ಝೋನಿಂಗ್. 'ಚಿಕನ್' ಎಂದು ಮಾತ್ರ ಹುಡುಕಿ ಸುಮ್ನಾಗಬೇಡಿ. 'ಪೌಲ್ಟ್ರಿ', 'ಫೌಲ್', 'ಲೈವ್‌ಸ್ಟಾಕ್', 'ಫಾರ್ಮ್ ಅನಿಮಲ್' ಎಲ್ಲವನ್ನೂ ಹುಡುಕಿ. ವ್ಯಾಖ್ಯೆಗಳ ಪುಟವನ್ನೂ ಓದಿ. 'ಲೈವ್‌ಸ್ಟಾಕ್' ಎಂಬ ಪದದೊಳಗೆ ಹಸು, ಕುದುರೆ ಜೊತೆ ನಿಮ್ಮ ಕೋಳಿಯೂ ಸೇರಿರಬಹುದು.

ಕೋಡ್‌ನಲ್ಲಿ ಕೋಳಿಯ ಸುದ್ದಿಯೇ ಇಲ್ಲವೇ? ಖುಷಿಪಡಬೇಡಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅನುಮತಿಯೂ ಇಲ್ಲ ಎಂಬುದು ಹಲವು ಊರುಗಳ ಝೋನಿಂಗ್ ಲೆಕ್ಕ. ಪ್ಲ್ಯಾನಿಂಗ್ ವಿಭಾಗಕ್ಕೆ ಇಮೇಲ್ ಹಾಕಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಕೌಂಟರ್‌ನಲ್ಲಿ ಯಾರೋ "ಪರವಾಗಿಲ್ಲ" ಅಂದದ್ದಕ್ಕೆ ನಾಳೆ ಬೆಲೆ ಇರುವುದಿಲ್ಲ.

ಎರಡನೆಯದು ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘ. ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಮನೆ ಕೊಳ್ಳುವಾಗ ಒಂದು ದಪ್ಪ ಕಟ್ಟು ಕಾಗದಕ್ಕೆ ಸಹಿ ಹಾಕಿದ್ದೀರಿ. ಅದರಲ್ಲಿ ಸಿಸಿ ಆ್ಯಂಡ್ ಆರ್ ಎಂಬ ಷರತ್ತುಗಳಿರುತ್ತವೆ. "ನಾಯಿ, ಬೆಕ್ಕು ಬಿಟ್ಟು ಬೇರೆ ಪ್ರಾಣಿ, ಕೋಳಿ ಸಾಕುವಂತಿಲ್ಲ" ಎಂಬ ಸಾಲು ಅಲ್ಲಿ ಇರುವುದೇ ಹೆಚ್ಚು. ಅದು ನಿಮ್ಮ ಮತ್ತು ಸಂಘದ ನಡುವಿನ ಖಾಸಗಿ ಒಪ್ಪಂದ. ಸಿಟಿ ತನ್ನ ಕಾನೂನು ಬದಲಿಸಿದ ಮಾತ್ರಕ್ಕೆ ಈ ಸಾಲು ಅಳಿಸಿಹೋಗುವುದಿಲ್ಲ. ಒಂದು ವರ್ಷ ಸಿಟಿ ಹಾಲ್‌ಗೆ ಓಡಾಡಿ, ಗೆದ್ದು, ಆಮೇಲೆ ಎಚ್‌ಒಎ ನೋಟಿಸ್ ಪಡೆದವರ ಹೊಟ್ಟೆಯುರಿ ಕೇಳಲಾಗದು.

ಎಚ್‌ಒಎ ಷರತ್ತು ಬದಲಿಸಲು ಮನೆ ಮಾಲೀಕರ ಮತ ಬೇಕು. ಸಾಮಾನ್ಯವಾಗಿ ಬರೀ ಅರ್ಧ ಸಾಲದು, ಮೂರರಲ್ಲಿ ಎರಡು ಪಾಲು ಅಥವಾ ಇನ್ನೂ ಜಾಸ್ತಿ ಕೇಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಎಚ್‌ಒಎಯಲ್ಲಿ ಇದ್ದವರು ಕೋಳಿಯ ಆಸೆ ಬಿಟ್ಟು ಬದನೆಕಾಯಿ ಬೆಳೆಯುವುದು ಮೇಲು. ಚಿಕ್ಕ ಬಡಾವಣೆಯಾದರೆ ಪ್ರಯತ್ನಿಸಬಹುದು. ಆದರೆ ಮೊದಲು ಎಚ್‌ಒಎ, ಆಮೇಲೆ ಸಿಟಿ.

ಮೂರನೆಯದು ಕೌಂಟಿ, ನಮ್ಮ ಜಿಲ್ಲೆ ಇದ್ದ ಹಾಗೆ. ಸಿಟಿ ಗಡಿಯ ಹೊರಗಿದ್ದರೆ ನಿಮಗೆ ಕೌಂಟಿಯ ನಿಯಮ ಅನ್ವಯಿಸುತ್ತದೆ. ಅಂಚೆ ವಿಳಾಸದಲ್ಲಿ ಸಿಟಿಯ ಹೆಸರಿದ್ದರೂ ಮನೆ ಗಡಿಯ ಆಚೆ ಇರಬಹುದು. ತೆರಿಗೆ ಬಿಲ್ ನೋಡಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯೂ ಬೇಕು.

ಹಂತ 2: ಅಕ್ಕಪಕ್ಕದ ಬಾಗಿಲು ತಟ್ಟಿ

ಕೋಳಿ ಕೇಳಿ ಮಸಾಲೆ ಅರೆಯುತ್ತಾರಾ ಅನ್ನುತ್ತೇವಲ್ಲ, ಇಲ್ಲಿ ಕೋಳಿಯನ್ನು ಕೇಳಬೇಕಿಲ್ಲ, ಪಕ್ಕದ ಮನೆಯವರನ್ನು ಕೇಳಲೇಬೇಕು. ಕೌನ್ಸಿಲ್ ಸಭೆಯಲ್ಲಿ ನಿಮ್ಮ ಬೇಲಿಯಾಚೆಯವರೇ ಎದ್ದು ವಿರೋಧಿಸಿದರೆ ಉಳಿದ ನೂರು ಸಹಿಗೆ ಬೆಲೆ ಇಲ್ಲ.

ಹೋದಾಗ ವಾದ ಮಾಡಬೇಡಿ, ಪಟ್ಟಿ ಮಾಡಿಕೊಳ್ಳಿ. ಅವರಿಗೆ ಯಾವುದರ ಭಯ? ವಾಸನೆಯೇ, ಇಲಿಯೇ, ಕೂಗೇ? ಆ ಪಟ್ಟಿಯೇ ಮುಂದೆ ನಿಮ್ಮ ಕರಡಿನ ಕಲಂಗಳಾಗುತ್ತವೆ. ಹೆಚ್ಚಿನವರ ತಲೆಯಲ್ಲಿ ಇರುವುದು ಬೆಳಗಿನ ಜಾವ ಕೂಗುವ ಹುಂಜ. "ಹುಂಜ ಇಲ್ಲ, ಹೇಂಟೆ ಮಾತ್ರ" ಎಂದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಆಗ ಮುಂದಿನ ಪ್ರಶ್ನೆ ಬರುತ್ತದೆ: "ಹುಂಜ ಇಲ್ಲದೆ ಮೊಟ್ಟೆ ಹೇಗೆ ಬರುತ್ತೆ?" ನಗಬೇಡಿ, ಕೌನ್ಸಿಲ್ ಸದಸ್ಯರೂ ಇದನ್ನು ಕೇಳುತ್ತಾರೆ. ಮೊಟ್ಟೆ ಇಡಲು ಹುಂಜ ಬೇಡ, ಮರಿ ಆಗಲು ಮಾತ್ರ ಬೇಕು.

ಹಂತ 3: ಜೊತೆಗಾರರನ್ನು ಕೂಡಿಸಿ

ಐದಾರು ಮನೆ ಸಾಕು, ಆದರೆ ಎಲ್ಲರೂ ಅದೇ ಸಿಟಿಯ ನಿವಾಸಿಗಳಾಗಿರಬೇಕು. ನಾವು ಮೊದಲ ಸಲ ತಪ್ಪಿದ್ದು ಇಲ್ಲೇ. ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ಅರ್ಜಿ ಹಾಕಿದೆವು, ಎರಡು ದಿನದಲ್ಲಿ ರಾಶಿ ಸಹಿ ಬಂತು. ಸಿಟಿ ಕ್ಲರ್ಕ್ ವಿಳಾಸ ನೋಡಿದಾಗ ಮುಕ್ಕಾಲು ಪಾಲು ಪಕ್ಕದ ಊರಿನವರು. ಮಾನ ಹೋಯಿತು. ಸಹಿಯ ಪಕ್ಕ ವಿಳಾಸ ಬರೆಸಿ. ವಾರ್ಡ್ ಇರುವ ಊರಾದರೆ ಪ್ರತಿ ವಾರ್ಡಿನಿಂದಲೂ ಒಬ್ಬರಾದರೂ ಇರಲಿ. ಎಲ್ಲರೂ ಕನ್ನಡದವರೇ, ಭಾರತದವರೇ ಆಗದಂತೆಯೂ ನೋಡಿಕೊಳ್ಳಿ. ಮಕ್ಕಳ 4-ಎಚ್ ಕ್ಲಬ್ ನಿಮ್ಮ ಊರಲ್ಲಿದ್ದರೆ ಅವರನ್ನು ಹಿಡಿಯಿರಿ. ಪ್ರಾಣಿ ಸಾಕುವುದನ್ನು ಮಕ್ಕಳಿಗೆ ಕಲಿಸುವ ಹಳೆಯ ಸಂಸ್ಥೆ ಅದು. ಮೊಟ್ಟೆ ಮುಟ್ಟದವರನ್ನೂ ಬಿಡಬೇಡಿ. ನಮ್ಮ ಬಳಗದಲ್ಲಿ ಇಬ್ಬರು ಶುದ್ಧ ಸಸ್ಯಾಹಾರಿಗಳು "ಗೊಬ್ಬರ ಕೊಟ್ಟರೆ ಸಾಕು" ಎಂದು ಕೊನೆಯ ತನಕ ಜೊತೆಗಿದ್ದರು.

ಎಚ್1ಬಿ, ಗ್ರೀನ್ ಕಾರ್ಡ್ ಇರುವವರು ಕೇಳುವ ಪ್ರಶ್ನೆ: "ನಾವು ಸಿಟಿಜನ್ ಅಲ್ಲ, ಹೋಗಿ ಮಾತಾಡಬಹುದಾ?" ಖಂಡಿತ ಮಾತಾಡಬಹುದು. ಕೌನ್ಸಿಲ್ ಸಭೆಯಲ್ಲಿ ಮಾತಾಡಲು, ಸದಸ್ಯರಿಗೆ ಪತ್ರ ಬರೆಯಲು, ಸಾದಾ ಮನವಿಗೆ ಸಹಿ ಹಾಕಲು ಪೌರತ್ವ ಬೇಕಿಲ್ಲ. ಆದರೆ ಒಂದು ಎಚ್ಚರಿಕೆ. 'ಇನಿಷಿಯೇಟಿವ್ ಪಿಟಿಷನ್' ಎಂಬುದು ಬೇರೆ. ಒಂದು ವಿಷಯವನ್ನು ಚುನಾವಣೆಯ ಮತಪತ್ರಕ್ಕೆ ತರುವ ಕಾನೂನುಬದ್ಧ ಅರ್ಜಿ ಅದು. ಅದಕ್ಕೆ ನೋಂದಾಯಿತ ಮತದಾರರು ಮಾತ್ರ ಸಹಿ ಹಾಕಬೇಕು. ಗೊತ್ತಿಲ್ಲದೆ ಸಹಿ ಹಾಕಿ ಇಮಿಗ್ರೇಷನ್ ತಲೆನೋವು ತಂದುಕೊಳ್ಳಬೇಡಿ. ಮೊಟ್ಟೆ ಮಾರುವ ಯೋಚನೆ ಇದ್ದರೂ ಅಷ್ಟೇ, ಮೊದಲು ವಕೀಲರನ್ನು ಕೇಳಿ.

ಹಂತ 4: ಪಕ್ಕದ ಊರಿನ ಲೆಕ್ಕ ತನ್ನಿ

ಕೌನ್ಸಿಲ್‌ನವರಿಗೆ ಸಿಯಾಟಲ್ ಕಥೆ ಹೇಳಿದರೆ "ನಮ್ಮೂರು ಸಿಯಾಟಲ್ ಅಲ್ಲ" ಅನ್ನುತ್ತಾರೆ. ನಿಮ್ಮದೇ ರಾಜ್ಯದಲ್ಲಿ, ನಿಮ್ಮದೇ ಗಾತ್ರದ, ಈಗಾಗಲೇ ಕೋಳಿ ಬಿಟ್ಟಿರುವ ಮೂರು ಊರು ಹುಡುಕಿ. ಅಲ್ಲಿನ ಅನಿಮಲ್ ಕಂಟ್ರೋಲ್, ಅಂದರೆ ಪ್ರಾಣಿಗಳ ದೂರು ನೋಡಿಕೊಳ್ಳುವ ವಿಭಾಗಕ್ಕೆ ನಾಲ್ಕೇ ಪ್ರಶ್ನೆ ಕಳಿಸಿ: ಎಷ್ಟು ಪರ್ಮಿಟ್ ಕೊಟ್ಟಿದ್ದೀರಿ? ವರ್ಷಕ್ಕೆ ಎಷ್ಟು ದೂರು? ಅದರಲ್ಲಿ ಹುಂಜದ ಬಗ್ಗೆ ಎಷ್ಟು? ಇದಕ್ಕಾಗಿ ಹೊಸ ಸಿಬ್ಬಂದಿ ಬೇಕಾಯಿತೇ? ಉತ್ತರ ಬಾರದಿದ್ದರೆ ಪಬ್ಲಿಕ್ ರೆಕಾರ್ಡ್ಸ್ ಅರ್ಜಿ ಹಾಕಿ. ನಮ್ಮ ಮಾಹಿತಿ ಹಕ್ಕಿನ ಅರ್ಜಿಯ ಅಣ್ಣ ಅದು.

ನಾಯಿಗಳ ದೂರಿನ ಸಂಖ್ಯೆಯನ್ನೂ ಕೇಳಿ ಪಕ್ಕದಲ್ಲಿ ಬರೆದುಕೊಳ್ಳಿ. ಎರಡೂ ಅಂಕಿ ಒಂದೇ ಹಾಳೆಯಲ್ಲಿದ್ದರೆ ಸಾಕು, ನೀವು ವಿವರಿಸಬೇಕಿಲ್ಲ.

ಹಂತ 5: ಕರಡು ಬರೆಯಿರಿ

ಇಲ್ಲಿ ನಿಧಾನಿಸಿ. ಹೆಚ್ಚಿನ ಗೆಲುವು ಸೋಲು ಇರುವುದು ಇಲ್ಲೇ.

ಮೊದಲ ತೀರ್ಮಾನ, ಕರಡನ್ನು ಯಾವ ಅಧ್ಯಾಯಕ್ಕೆ ಸೇರಿಸುತ್ತೀರಿ? ಝೋನಿಂಗ್‌ಗೆ ಕೈ ಹಾಕಿದರೆ ಪ್ಲ್ಯಾನಿಂಗ್ ಕಮಿಷನ್ ಮುಂದೆ ಹೋಗಬೇಕು, ಪ್ರಕಟಣೆ ಕೊಡಬೇಕು, ಅಹವಾಲು ಸಭೆ ಆಗಬೇಕು, ಆಮೇಲೆ ಕೌನ್ಸಿಲ್. ಪ್ರಾಣಿಗಳ ಅಧ್ಯಾಯವನ್ನಷ್ಟೇ ತಿದ್ದಿದರೆ ಸಾಮಾನ್ಯವಾಗಿ ನೇರ ಕೌನ್ಸಿಲ್‌ಗೆ ಹೋಗಬಹುದು. ನಿಮ್ಮಲ್ಲಿ ನಿಷೇಧ ಝೋನಿಂಗ್‌ನಲ್ಲೇ ಇದ್ದರೆ ಬೇರೆ ದಾರಿ ಇಲ್ಲ. ಇಲ್ಲದಿದ್ದರೆ ಆ ಕಡೆ ತಲೆ ಹಾಕಬೇಡಿ.

ಇನ್ನು ಕಲಂಗಳು.

*ಸಂಖ್ಯೆ.* ಮ್ಯಾಡಿಸನ್ 4ರಿಂದ ಶುರು ಮಾಡಿತು, ವ್ಯಾಂಕೂವರ್‌ನಲ್ಲೂ 4. ಸಿಯಾಟಲ್ 2010ರಲ್ಲಿ ಮಿತಿಯನ್ನು 3ರಿಂದ 8ಕ್ಕೆ ಏರಿಸಿತು. ನೀವು 6 ಕೇಳಿ. ಅದಕ್ಕೊಂದು ಕಾರಣವಿದೆ. ಕೆಲವು ರಾಜ್ಯಗಳಲ್ಲಿ ಆರಕ್ಕಿಂತ ಕಡಿಮೆ ಮರಿ ಮಾರುವಂತೆಯೇ ಇಲ್ಲ. ಕೋಳಿ ಗುಂಪಿನ ಪ್ರಾಣಿ, ಒಂಟಿಯಾಗಿ ಬಾಳುವುದಿಲ್ಲ. ಚೌಕಾಸಿಯಲ್ಲಿ 4ಕ್ಕೆ ಇಳಿದರೂ ನಷ್ಟವಿಲ್ಲ. ಒಳ್ಳೆಯ ತಳಿಯ ಹೇಂಟೆ ಮೊದಲ ವರ್ಷ 250ರ ಹತ್ತಿರ ಮೊಟ್ಟೆ ಕೊಡುತ್ತದೆ. ನಾಲ್ಕಿದ್ದರೆ ಒಂದು ಮನೆಗೆ ಬೇಕಾದಷ್ಟಾಯಿತು.

*ದೂರ.* ಇದನ್ನು ಸೆಟ್‌ಬ್ಯಾಕ್ ಅನ್ನುತ್ತಾರೆ. ಗೂಡು ಬೇಲಿಯಿಂದಲೋ ಮನೆಯಿಂದಲೋ ಇಷ್ಟು ಅಡಿ ದೂರ ಇರಬೇಕು ಎಂಬ ನಿಯಮ. ಒಳಗೊಳಗೇ ಕೊಲ್ಲುವ ಕಲಂ ಇದು. ವಿರೋಧಿಗಳು "ಸರಿ ಬಿಡಿ, ಒಪ್ಪೋಣ, ಆದರೆ ಬೇಲಿಯಿಂದ 50 ಅಡಿ ದೂರ ಇರಲಿ" ಅನ್ನುತ್ತಾರೆ. ಕೇಳಲು ನ್ಯಾಯವಾಗೇ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. ಎರಡೂ ಬದಿಯ ಬೇಲಿಯಿಂದ 50 ಅಡಿ ಬಿಡಬೇಕಾದರೆ ಸೈಟು 100 ಅಡಿಗಿಂತ ಅಗಲ ಇರಬೇಕು. ನಮ್ಮ ಸಿಕ್ಸ್ಟಿ ಫಾರ್ಟಿ ಸೈಟಿನ ಕಥೆ ಬಿಡಿ, ಇಲ್ಲಿನ ಸಬರ್ಬ್‌ನಲ್ಲೂ ಅಷ್ಟು ಅಗಲದ ಸೈಟು ಎಷ್ಟು ಜನಕ್ಕಿದೆ? ಕಾಗದದ ಮೇಲೆ ಕೋಳಿ ಕಾನೂನುಬದ್ಧ, ನೆಲದ ಮೇಲೆ ಒಂದು ಗೂಡಿಗೂ ಜಾಗವಿಲ್ಲ. ಮ್ಯಾಡಿಸನ್‌ನವರು ಮಾಡಿದ್ದು ಜಾಣತನ. ದೂರವನ್ನು ಬೇಲಿಯಿಂದಲ್ಲ, ಪಕ್ಕದ ಮನೆಯ ಕಟ್ಟಡದಿಂದ ಅಳೆದರು, ಅದೂ 25 ಅಡಿ. ನೀವೂ ಹಾಗೇ ಬರೆಯಿರಿ. ಕರಡು ಬರೆಯುವ ಮೊದಲು ಟೇಪ್ ಹಿಡಿದು ನಿಮ್ಮ ಬಳಗದ ಐದಾರು ಹಿತ್ತಲನ್ನು ಅಳೆಯಿರಿ.

ಕನಿಷ್ಠ ಸೈಟಿನ ಅಳತೆ ಕೇಳುವ ಕಲಮ್ಮಿಗೂ ಇದೇ ಮಾತು. ಅರ್ಧ ಎಕರೆ ಅಂದುಬಿಟ್ಟರೆ ಊರಿನ ಮುಕ್ಕಾಲು ಮನೆ ಹೊರಗೆ.

*ನೆರೆಯವರ ಒಪ್ಪಿಗೆ.* ಆ್ಯನ್ ಆರ್ಬರ್ ಶುರುವಿನಲ್ಲಿ ಇದನ್ನು ಹಾಕಿತ್ತು. ನಾನು ಬೇಡ ಅನ್ನುತ್ತೇನೆ. ಒಬ್ಬರ ಮುನಿಸು ಸಾಕು, ನಿಮ್ಮ ಹಕ್ಕು ಹೋಯಿತು. ಪಕ್ಕದ ಮನೆ ಮಾರಾಟವಾಗಿ ಹೊಸಬರು ಬಂದರೆ ಏನು ಗತಿ? ಬದಲಿಗೆ 'ನೆರೆಯವರಿಗೆ ತಿಳಿಸಬೇಕು' ಎಂದು ಬರೆಯಿರಿ. ತಿಳಿಸುವುದು ಬೇರೆ, ಅಪ್ಪಣೆ ಕೇಳುವುದು ಬೇರೆ.

*ಹುಂಜ ಇಲ್ಲ, ಕೊಯ್ಯುವುದಿಲ್ಲ.* ಈ ಎರಡನ್ನೂ ನೀವೇ ಮೊದಲು ಬರೆದುಕೊಡಿ. ನಾಟಿ ಕೋಳಿ ಸಾರು, ಮುದ್ದೆಯ ಕನಸಿನಿಂದ ಈ ಕೆಲಸಕ್ಕೆ ಇಳಿದವರಿಗೆ ಬೇಸರವಾಗಬಹುದು. ಆದರೆ ಹಿತ್ತಲಲ್ಲಿ ಕೊಯ್ಯುವ ಮಾತು ಬಂದರೆ ಕೋಳಿಯ ಚರ್ಚೆ ಅಲ್ಲಿಗೇ ನಿಂತುಹೋಗುತ್ತದೆ. ಮ್ಯಾಡಿಸನ್, ವ್ಯಾಂಕೂವರ್ ಎರಡರಲ್ಲೂ ಈ ನಿಷೇಧವಿದೆ. ಸಾರಿಗೆ ಬೇರೆ ದಾರಿ ನೋಡಿಕೊಳ್ಳಿ.

*ಗೂಡು.* ಒಳಗೆ ಒಂದೊಂದು ಕೋಳಿಗೆ 4 ಚದರ ಅಡಿ, ಓಡಾಡುವ ಬಲೆ ಅಂಗಳದಲ್ಲಿ 10 ಚದರ ಅಡಿ. ಇದು ಸಾಕುವವರೆಲ್ಲ ಒಪ್ಪುವ ಅಳತೆ. ಬಲೆ 'ಹಾರ್ಡ್‌ವೇರ್ ಕ್ಲಾತ್' ಆಗಿರಬೇಕು ಎಂದು ಬರೆಯಿರಿ. ಹೆಸರು ಬಟ್ಟೆ ಅಂದಹಾಗಿದ್ದರೂ ಅದು ಅರ್ಧ ಇಂಚಿನ ಕಿಂಡಿಯ ಗಟ್ಟಿ ತಂತಿ ಜಾಲರಿ. ಅಂಗಡಿಯಲ್ಲಿ 'ಚಿಕನ್ ವೈರ್' ಎಂದು ಮಾರುವುದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ರಕೂನ್ ಎಂಬ ಇಲ್ಲಿನ ಕಾಡುಪ್ರಾಣಿ ಒಳಗೆ ಬರದಂತೆ ತಡೆಯುವುದಿಲ್ಲ. ರಕೂನ್ ಅದನ್ನು ಕೈಯಿಂದ ಹರಿದುಹಾಕುತ್ತದೆ.

*ಮೇವು ಮತ್ತು ಗೊಬ್ಬರ.* ಮೇವನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಇಡಬೇಕು, ರಾತ್ರಿ ಹೊರಗೆ ಬಿಡಬಾರದು. ಗೊಬ್ಬರ ಮುಚ್ಚಿದ ತೊಟ್ಟಿಯಲ್ಲಿ ಇರಬೇಕು. ಇಷ್ಟು ಸಾಕು.

*ಪರ್ಮಿಟ್.* ಶುಲ್ಕ ಕಡಿಮೆ ಇರಲಿ, ಪರಿಶೀಲನೆ ದೂರು ಬಂದಾಗ ಮಾತ್ರ ಇರಲಿ. ಸಿಬ್ಬಂದಿಗೆ ಕೆಲಸ ಜಾಸ್ತಿಯಾಗುವ ನಿಯಮವನ್ನು ಸಿಬ್ಬಂದಿಯೇ ಕೊಲ್ಲುತ್ತಾರೆ. ಆದ್ದರಿಂದ ಕರಡು ಮುಗಿದ ಕೂಡಲೇ ಪ್ಲ್ಯಾನಿಂಗ್ ಅಧಿಕಾರಿ ಮತ್ತು ಅನಿಮಲ್ ಕಂಟ್ರೋಲ್ ಅಧಿಕಾರಿ ಇಬ್ಬರನ್ನೂ ಕಂಡು ತೋರಿಸಿ. ಕೌನ್ಸಿಲ್‌ಗೆ ಅವರು ಬರೆಯುವ ಟಿಪ್ಪಣಿಗೆ 'ಸ್ಟಾಫ್ ರಿಪೋರ್ಟ್' ಎಂದು ಹೆಸರು. ಸದಸ್ಯರು ಬೇರೇನು ಓದದಿದ್ದರೂ ಅದನ್ನು ಓದುತ್ತಾರೆ.

ಹಂತ 6: ಒಬ್ಬ ಸದಸ್ಯರನ್ನು ಒಪ್ಪಿಸಿ

ಸಾರ್ವಜನಿಕರು ಕೇಳಿದ ಮಾತ್ರಕ್ಕೆ ವಿಷಯ ಅಜೆಂಡಾಕ್ಕೆ ಬರುವುದಿಲ್ಲ. ಕೌನ್ಸಿಲ್ ಸದಸ್ಯರೊಬ್ಬರು ತರಬೇಕು, ಕೆಲವು ಕಡೆ ಇಬ್ಬರು ಬೇಕು. ನಿಮ್ಮ ವಾರ್ಡಿನವರಿಂದ ಶುರು ಮಾಡಿ. ಕಾಫಿಗೆ ಕರೆಯಿರಿ, ಇಪ್ಪತ್ತು ನಿಮಿಷ ಸಾಕು. ಕರಡು, ಪಕ್ಕದ ಊರುಗಳ ಲೆಕ್ಕ, ವಿಳಾಸವಿರುವ ಸಹಿಗಳು, ಈ ಮೂರನ್ನೇ ಒಯ್ಯಿರಿ.

ವಿರೋಧಿಸಬಹುದಾದ ಸದಸ್ಯರನ್ನೂ ಸಭೆಗೆ ಮೊದಲೇ ಕಾಣಿ. ಅವರ ಮನಸ್ಸು ಬದಲಾಗದಿರಬಹುದು. ಆದರೆ ಅವರ ಪ್ರಶ್ನೆ ನಿಮಗೆ ಮೊದಲೇ ಗೊತ್ತಾಗುತ್ತದೆ.

ಹಂತ 7: ಕಠಿಣ ಪ್ರಶ್ನೆಗಳಿಗೆ ನಿಜವಾದ ಉತ್ತರ ಇಟ್ಟುಕೊಳ್ಳಿ

*ರೋಗ.* ಇದನ್ನು ಹಗುರವಾಗಿ ತಳ್ಳಿಹಾಕಬೇಡಿ. ಹಿತ್ತಲ ಕೋಳಿಯಿಂದ ಸಾಲ್ಮೊನೆಲಾ ಎಂಬ ಹೊಟ್ಟೆಯ ಸೋಂಕು ಬರುವುದು ನಿಜ. 2020ರಲ್ಲಿ ಅಮೆರಿಕದಲ್ಲಿ ಇದಕ್ಕೆ ಸಂಬಂಧಿಸಿದ 1,700ಕ್ಕೂ ಹೆಚ್ಚು ಪ್ರಕರಣಗಳನ್ನು ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ದಾಖಲಿಸಿತ್ತು. ಉತ್ತರವೂ ಅವರೇ ಹೇಳಿದ್ದು: ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಕೋಳಿಗೆ ಮುತ್ತು ಕೊಡಬೇಡಿ, ಐದು ವರ್ಷದೊಳಗಿನ ಮಕ್ಕಳ ಕೈಗೆ ಮರಿ ಕೊಡಬೇಡಿ. ಹಕ್ಕಿ ಜ್ವರದ ಮಾತೂ ಬರುತ್ತದೆ. 2022ರ ಆರಂಭದಿಂದ ಅದು ಅಮೆರಿಕದ ಕೋಳಿ ಫಾರ್ಮ್‌ಗಳನ್ನು ಕಾಡುತ್ತಿದೆ. ಕಾಡುಹಕ್ಕಿಗಳ ಹಿಕ್ಕೆಯಿಂದ ಅದು ಹರಡುತ್ತದೆ. ಆದ್ದರಿಂದ ಬಲೆ ಅಂಗಳಕ್ಕೆ ಮೇಲ್ಛಾವಣಿ ಇರಬೇಕು ಎಂಬ ಸಾಲನ್ನು ಕರಡಿಗೆ ಸೇರಿಸಿ, ಗೂಡಿಗೆ ಬೇರೆ ಚಪ್ಪಲಿ ಇಡುವುದಾಗಿ ಹೇಳಿ.

*ಇಲಿ.* ಇಲಿ ಕೋಳಿಗಾಗಿ ಬರುವುದಿಲ್ಲ, ಚೆಲ್ಲಿದ ಮೇವಿಗಾಗಿ ಬರುತ್ತದೆ. ಹಕ್ಕಿಗಳಿಗೆ ಕಾಳು ಹಾಕುವ ಬರ್ಡ್ ಫೀಡರ್‌ಗೂ ಬರುತ್ತದೆ, ಅದನ್ನು ಯಾರೂ ನಿಷೇಧಿಸಿಲ್ಲ. ಡಬ್ಬಿಯ ಕಲಂ ತೋರಿಸಿ.

*ಸದ್ದು.* ಮೊಟ್ಟೆ ಇಟ್ಟ ಹೇಂಟೆ ಕೆಲವು ನಿಮಿಷ ಕ್ಕೊ ಕ್ಕೊ ಎಂದು ಊರಿಗೆ ಸಾರುತ್ತದೆ. ಅದು ಹೆಚ್ಚುಕಡಿಮೆ ನಾವು ಮಾತಾಡುವಷ್ಟು ಸದ್ದು. ಕತ್ತಲಾದ ಮೇಲೆ ತೆಪ್ಪಗೆ ಮಲಗುತ್ತದೆ. "ಸದ್ದೇ ಇಲ್ಲ" ಎಂದು ಸುಳ್ಳು ಹೇಳಬೇಡಿ. ಕೋಳಿ ಸಾಕಿದ ಯಾರಾದರೂ ಸಭೆಯಲ್ಲಿ ಇದ್ದೇ ಇರುತ್ತಾರೆ.

*ಮನೆ ಬೆಲೆ ಬೀಳುತ್ತದೆ.* ಸಿಯಾಟಲ್‌ನಲ್ಲಿ 8 ಕೋಳಿಗೆ ಒಪ್ಪಿಗೆ ಸಿಕ್ಕ ಮೇಲೆ ಮನೆ ಬೆಲೆ ಏನಾಯಿತು ಎಂದು ಅಲ್ಲಿ ಮನೆ ಹುಡುಕುತ್ತಿರುವ ನಿಮ್ಮ ಗೆಳೆಯರನ್ನೇ ಕೇಳಿ.

*ಮುದಿ ಕೋಳಿಗಳ ಗತಿ ಏನು?* ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು. ಹೇಂಟೆ ಎರಡು ಮೂರು ವರ್ಷ ಚೆನ್ನಾಗಿ ಮೊಟ್ಟೆ ಇಡುತ್ತದೆ, ಬದುಕುವುದು ಆರೆಂಟು ವರ್ಷ. ಉಳಿದ ವರ್ಷ ಅದನ್ನು ಸಾಕುತ್ತೀರಾ, ಹಳ್ಳಿಯ ಫಾರ್ಮ್‌ಗೆ ಕೊಡುತ್ತೀರಾ? ಸಿಟಿಯ ಪ್ರಾಣಿ ಆಶ್ರಯಕ್ಕೆ ತಂದು ಬಿಡುತ್ತೀರಿ ಎಂಬುದು ಅವರ ಭಯ. ಉತ್ತರ ಇಲ್ಲದಿದ್ದರೆ ನೀವಿನ್ನೂ ತಯಾರಾಗಿಲ್ಲ.

ಇನ್ನೊಂದು ಸಲಹೆ. ಮೊಟ್ಟೆ ಅಗ್ಗವಾಗುತ್ತದೆ ಎಂಬ ವಾದವನ್ನು ಎತ್ತಲೇಬೇಡಿ. 2025ರ ಮಾರ್ಚ್‌ನಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ ದಾಟಿದಾಗ ಎಲ್ಲರೂ ಅದನ್ನೇ ಹೇಳಿದರು. ಕೆಲವೇ ತಿಂಗಳಲ್ಲಿ ಬೆಲೆ ಇಳಿಯಿತು, ವಾದವೂ ಇಳಿಯಿತು. ಗೂಡು, ಬಲೆ, ಮೇವಿನ ಖರ್ಚು ಸೇರಿಸಿದರೆ ಮೊದಲ ವರ್ಷದ ಮೊಟ್ಟೆ ಚಿನ್ನದ ಮೊಟ್ಟೆಯೇ.

ಹಂತ 8: ಸಭೆ

ಕಾನೂನು ಸಾಮಾನ್ಯವಾಗಿ ಎರಡು ಸಲ ಕೌನ್ಸಿಲ್ ಮುಂದೆ ಬರುತ್ತದೆ, ಫಸ್ಟ್ ರೀಡಿಂಗ್ ಮತ್ತು ಸೆಕೆಂಡ್ ರೀಡಿಂಗ್. ನಡುವೆ ಅಥವಾ ಮೊದಲು ಪಬ್ಲಿಕ್ ಹಿಯರಿಂಗ್, ಅಂದರೆ ಜನರ ಅಹವಾಲು ಕೇಳುವ ಸಭೆ. ಅಜೆಂಡಾ ಮೊದಲೇ ಪ್ರಕಟವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮಾಮೂಲಿ ಸಭೆಗೆ 72 ಗಂಟೆ ಮುಂಚೆ ಹಾಕಲೇಬೇಕು. ದಿನಾ ನೋಡುತ್ತಿರಿ. ವಿಷಯ ಒಂದು ಸಭೆಯಿಂದ ಇನ್ನೊಂದಕ್ಕೆ ಜಾರುವುದು ಮಾಮೂಲು.

ಮಾತಾಡಲು ಸಿಗುವುದು ಸಾಮಾನ್ಯವಾಗಿ ಮೂರು ನಿಮಿಷ. ನಮ್ಮ ಸಭೆಗಳ ಹಾಗೆ ವೇದಿಕೆಯ ಮೇಲಿನ ಗಣ್ಯರಿಗೆಲ್ಲ ನಮಸ್ಕಾರ ಹೇಳುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಹೆಸರು, ಬೀದಿ, ಎಷ್ಟು ವರ್ಷದಿಂದ ಇದ್ದೀರಿ, ಏನು ಕೇಳುತ್ತಿದ್ದೀರಿ, ಅದಕ್ಕೊಂದು ಕಾರಣ. ಅಷ್ಟೇ. ಬಳಗದ ಆರು ಜನ ಒಂದೇ ಮಾತು ಹೇಳಬೇಡಿ, ಒಬ್ಬೊಬ್ಬರು ಒಂದೊಂದು ವಿಷಯ ಹಂಚಿಕೊಳ್ಳಿ. ಒಂದು ಮಗು ಒಂದು ನಿಮಿಷ ಮಾತಾಡಲಿ. ನಿಜವಾದ ಕೋಳಿಯನ್ನು ಸಭೆಗೆ ತರಬೇಡಿ. ತರುವವರಿದ್ದಾರೆ, ಅದಕ್ಕೇ ಹೇಳಿದೆ.

ಅಜೆಂಡಾದಲ್ಲಿ ಇಲ್ಲದ ವಿಷಯ ಮಾತಾಡಿದರೆ ಸದಸ್ಯರು ಕಲ್ಲಿನ ಹಾಗೆ ಕೂತಿರುತ್ತಾರೆ. ಅದು ಅವಮಾನವಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಚರ್ಚಿಸಲು ಹಲವು ರಾಜ್ಯಗಳಲ್ಲಿ ಅವರಿಗೇ ಅನುಮತಿ ಇರುವುದಿಲ್ಲ.

ಮತ ಹಾಕುವ ಮುನ್ನ ತಿದ್ದುಪಡಿಗಳು ಹಾರಿಬರುತ್ತವೆ. "25 ಅಡಿ ಬದಲು 50 ಮಾಡೋಣ" ಎಂಬುದು ಆಗಲೇ ಬರುವುದು. ನಿಮ್ಮ ಪರ ಇರುವ ಸದಸ್ಯರ ಕೈಯಲ್ಲಿ ಹಿತ್ತಲುಗಳ ಅಳತೆಯ ಹಾಳೆ ಮೊದಲೇ ಇರಲಿ.

ಹಂತ 9: 'ಪೈಲಟ್' ಎಂದು ಅಂದರೆ

ಒಂದೆರಡು ವರ್ಷ ಪ್ರಯೋಗ ಮಾಡಿ ನೋಡೋಣ ಎಂದು ಕೌನ್ಸಿಲ್ ಹೇಳಬಹುದು. ಬೇರೆ ದಾರಿ ಇಲ್ಲದಿದ್ದರೆ ಒಪ್ಪಿ, ಆದರೆ ಟೊರಾಂಟೊ ನೆನಪಿರಲಿ. ಅಲ್ಲಿ 2018ರ ಮಾರ್ಚ್‌ನಲ್ಲಿ ನಾಲ್ಕು ವಾರ್ಡ್‌ಗಳಲ್ಲಿ, ಮನೆಗೆ 4 ಹೇಂಟೆಯಂತೆ ಪ್ರಯೋಗ ಶುರುವಾಯಿತು. 2023ರ ಮಾರ್ಚ್‌ಗೆ ಮುಗಿಯಿತು, ಮುಂದುವರಿಸಲಿಲ್ಲ. ಐದು ವರ್ಷ ನಡೆದದ್ದೂ ಹಾಗೆ ಕೈಬಿಟ್ಟುಹೋಗಬಹುದು. ಆದ್ದರಿಂದ ಎರಡು ಸಾಲು ಬರೆಸಿಕೊಳ್ಳಿ. ದೂರು ಇಂತಿಷ್ಟಕ್ಕಿಂತ ಕಡಿಮೆ ಇದ್ದರೆ ನಿಯಮ ತಾನಾಗಿಯೇ ಕಾಯಂ ಆಗಬೇಕು. ಪ್ರಯೋಗ ನಿಂತರೂ ಆಗಲೇ ಇರುವ ಕೋಳಿಗಳು ಬದುಕಿರುವ ತನಕ ಇರಬಹುದು.

ಸೋತರೆ? ಯಾರು ಯಾಕೆ ವಿರುದ್ಧ ಮತ ಹಾಕಿದರು ಎಂದು ಮರುದಿನವೇ ಬರೆದಿಡಿ. ಅದೇ ವಿಷಯವನ್ನು ಮತ್ತೆ ತರಲು ಎಷ್ಟು ತಿಂಗಳು ಕಾಯಬೇಕು ಎಂದು ಕ್ಲರ್ಕ್‌ನ ಕೇಳಿ. ಕೌನ್ಸಿಲ್ ಚುನಾವಣೆ ಯಾವಾಗ ಎಂಬುದನ್ನೂ ನೋಡಿಕೊಳ್ಳಿ.

ಹಂತ 10: ಗೆದ್ದ ಮೇಲೆ

ಮತ ಬಿದ್ದ ದಿನವೇ ಕಾನೂನು ಜಾರಿಯಾಗುವುದಿಲ್ಲ. ಹಲವು ಕಡೆ ಸೆಕೆಂಡ್ ರೀಡಿಂಗ್ ಆಗಿ 30 ದಿನ ಕಾಯಬೇಕು. ಆಮೇಲೆ ಪರ್ಮಿಟ್, ಆಮೇಲೆ ಗೂಡು, ಕೊನೆಗೆ ಕೋಳಿ. ಗೂಡಿಗೆ ಕರೆಂಟ್ ಎಳೆಯುವುದಿದ್ದರೆ ಅದಕ್ಕೆ ಬೇರೆ ಪರ್ಮಿಟ್ ಕೇಳಬಹುದು.

ಮರಿಗಳು ಅಂಗಡಿಗೆ ಬರುವುದು ವಸಂತದಲ್ಲಿ. ಅಂಚೆಯಲ್ಲೂ ಬರುತ್ತವೆ, ಅಮೆರಿಕದ ಅಂಚೆ ಇಲಾಖೆ 1918ರಿಂದಲೂ ಮರಿ ಸಾಗಿಸುತ್ತಿದೆ. ಕೊಳ್ಳುವಾಗ 'ಸ್ಟ್ರೇಟ್ ರನ್' ಎಂದು ಬರೆದಿದ್ದರೆ ಮುಟ್ಟಬೇಡಿ. ಗಂಡು ಹೆಣ್ಣು ಬೇರ್ಪಡಿಸದ ಮರಿ ಎಂದರ್ಥ, ಅರ್ಧ ಹುಂಜ ಆಗುತ್ತವೆ. 'ಪುಲ್ಲೆಟ್' ಅಂದರೆ ಹೆಣ್ಣು ಮರಿ. ಆದರೂ ಹತ್ತರಲ್ಲಿ ಒಂದು ತಪ್ಪಬಹುದು. ಮೂರು ನಾಲ್ಕು ತಿಂಗಳಿಗೆ ನಿಮ್ಮ 'ಲಕ್ಷ್ಮಿ' ಒಂದು ಮುಂಜಾನೆ ಕೂಗಿಬಿಡುತ್ತಾಳೆ. ಆ ಹುಂಜವನ್ನು ಯಾರಿಗೆ ಕೊಡುತ್ತೀರಿ ಎಂದು ಮರಿ ತರುವ ಮೊದಲೇ ಮಾತಾಡಿಕೊಳ್ಳಿ. ವ್ಯಾಂಕೂವರ್‌ನವರು ಈ ರಗಳೆಯೇ ಬೇಡ ಎಂದು ನಾಲ್ಕು ತಿಂಗಳು ದಾಟಿದ ಹೇಂಟೆ ಮಾತ್ರ ತರಬಹುದು ಎಂದು ಬರೆದರು. ಹೊಸಬರಿಗೆ ನಾನೂ ಅದನ್ನೇ ಹೇಳುತ್ತೇನೆ.

ಹದಿನೆಂಟರಿಂದ ಇಪ್ಪತ್ತೆರಡು ವಾರಕ್ಕೆ ಮೊದಲ ಮೊಟ್ಟೆ, ಗಾತ್ರ ಪುಟ್ಟದಿರುತ್ತದೆ. ಸ್ವಲ್ಪ ದಿನ ಬಿಟ್ಟು ದೊಡ್ಡದಾದ ಮೇಲೆ ಅರ್ಧ ಡಜನ್ ಪಕ್ಕದ ಮನೆಗೆ ಕೊಡಿ. ವಿರೋಧಿಸಿದ್ದವರ ಮನೆಗೆ ಮೊದಲು. ವರ್ಷ ತುಂಬಿದಾಗ ಎಷ್ಟು ಪರ್ಮಿಟ್, ಎಷ್ಟು ದೂರು ಎಂದು ಅನಿಮಲ್ ಕಂಟ್ರೋಲ್‌ನವರನ್ನು ಕೇಳಿ, ಆ ಎರಡು ಅಂಕಿಯನ್ನು ಒಂದೇ ಸಾಲಿನ ಇಮೇಲ್‌ನಲ್ಲಿ ಎಲ್ಲ ಸದಸ್ಯರಿಗೂ ಕಳಿಸಿ. ಮುಂದಿನ ಊರಿನವರು ಹಂತ 4ರಲ್ಲಿ ಕೇಳುವುದು ಇದೇ ಲೆಕ್ಕ.